ಡೆಹ್ರಾಡೂನಿನ ಸಭೆ, ಜುವಾರಿನಗರದ ಕಾರ್ಡು

ಗೋವಾದ ವಾಸ್ಕೋ ಹತ್ತಿರದ ಜುವಾರಿನಗರದಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಬರುವ ಗಿರಾಕಿಗಳಲ್ಲಿ ಬಹಳ ಜನ ನಮ್ಮ ಕಡೆಯವರೇ. ಬಾಗಲಕೋಟೆ, ವಿಜಯಪುರ, ಗದಗ, ಸವಣೂರು. ಗೌಂಡಿ ಕೆಲಸ, ಬಂದರಿನ ಕೆಲಸ, ಮನೆಗೆಲಸ ಮಾಡುವವರು. ಡಾಕ್ಟರ್ ಚೀಟಿ ತೋರಿಸುತ್ತಾರೆ. ಅದರ ಜೊತೆಗೆ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟುಕೊಂಡ, ಸರ್ಕಾರದ ಉಚಿತ ಚಿಕಿತ್ಸೆಯ ಆಯುಷ್ಮಾನ್ ಕಾರ್ಡನ್ನೂ ತೋರಿಸುತ್ತಾರೆ. ಇದು ಇಲ್ಲಿ ನಡೆಯುತ್ತದಾ ಅಂತ ಕೇಳುತ್ತಾರೆ.

2023ರ ಜೂನ್ ಕೊನೆಯಲ್ಲಿ ಬಾದಾಮಿ ಕಡೆಯ ಒಬ್ಬ ಅಕ್ಕ ಬಂದರು. ಅವರ ಗಂಡನಿಗೆ ಎದೆನೋವು ಬಂದಿತ್ತು. ಇಲ್ಲಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರೆ, ಕರ್ನಾಟಕದ ಕಾರ್ಡು ಇಲ್ಲಿ ನಡೆಯುವುದಿಲ್ಲ ಎಂದು ಕೌಂಟರಿನಲ್ಲೇ ಹೇಳಿ ಕಳಿಸಿದರಂತೆ. ಮುಂದೆ ಕೇಳಲು ಅವರಿಗೆ ಕೊಂಕಣಿಯೂ ಬಾರದು, ಹಿಂದಿಯೂ ಅಷ್ಟಕ್ಕಷ್ಟೆ. ಮೇಸ್ತ್ರಿ ಹತ್ತಿರ ಮುಂಗಡ ಇಸಿದುಕೊಂಡು, ಗಾಡಿ ಮಾಡಿಕೊಂಡು, ಸುರಿಯುವ ಮಳೆಯಲ್ಲಿ ಘಾಟಿ ಹತ್ತಿ ಹುಬ್ಬಳ್ಳಿ ಮುಟ್ಟಿದರು. ಜೀವ ಉಳಿಯಿತು. ಸಾಲ ಇನ್ನೂ ತೀರಿರಲಿಲ್ಲ.

"ಯಣ್ಣಾ, ದೇಶಕ್ಕೆಲ್ಲಾ ನಡೀತೈತಿ ಅಂತ ಹೇಳಿ ಮಾಡಿಸಿದ್ರಲ್ಲ, ಇಲ್ಲ್ಯಾಕ ನಡೀಲಿಲ್ಲ?"

ನನ್ನ ಬಳಿ ಉತ್ತರ ಇರಲಿಲ್ಲ. ಇಷ್ಟು ವರ್ಷ ಔಷಧಿ ಮಾರಿದವನು ಇದೊಂದನ್ನು ತಿಳಿದುಕೊಂಡಿಲ್ಲವಲ್ಲ ಎಂದು ಬಹಳ ಬೇಜಾರಾಯಿತು.

ಅದೇ ಹೊತ್ತಿಗೆ ಜುಲೈ 14 ಮತ್ತು 15ರಂದು ಡೆಹ್ರಾಡೂನಿನಲ್ಲಿ ದೇಶದ ಆರೋಗ್ಯ ಮಂತ್ರಿಗಳ ಸಭೆ ನಡೆಯಲಿದೆ ಎಂದು ಓದಿದೆ. ಅದಕ್ಕೆ ಸ್ವಾಸ್ಥ್ಯ ಚಿಂತನ ಶಿಬಿರ ಎಂದು ಹೆಸರು. ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಮಂಡಳಿಯ 15ನೇ ಸಮ್ಮೇಳನ ಅದು. ನಮ್ಮ ಸಂವಿಧಾನದಲ್ಲಿ ಆರೋಗ್ಯ ರಾಜ್ಯಗಳ ಪಟ್ಟಿಯಲ್ಲಿದೆ. ಕೇಂದ್ರ ಯೋಜನೆ ತಂದರೂ ಆಸ್ಪತ್ರೆ ನಡೆಸುವುದು ರಾಜ್ಯ. ಹಾಗಾಗಿ ಇಬ್ಬರೂ ಒಂದೇ ಕಡೆ ಕೂತು ಮಾತಾಡಲಿ ಎಂದು 263ನೇ ವಿಧಿಯ ಅಡಿಯಲ್ಲಿ ಈ ಮಂಡಳಿ ಇದೆ. ಅಕ್ಕನ ಪ್ರಶ್ನೆ ಇರುವುದೂ ಎರಡು ರಾಜ್ಯಗಳ ನಡುವೆಯೇ, ಅಲ್ವಾ? ಇದನ್ನು ಬಿಡದೆ ನೋಡಬೇಕು ಅಂದುಕೊಂಡೆ.

ಮೊದಲು ಮಾಡಿದ ಕೆಲಸ, ಒಂದು ನೋಟ್‌ಬುಕ್ಕಿನಲ್ಲಿ ಮೂರು ಪ್ರಶ್ನೆ ಬರೆದದ್ದು. ಒಂದು ರಾಜ್ಯದಲ್ಲಿ ಮಾಡಿಸಿದ ಕಾರ್ಡು ಇನ್ನೊಂದು ರಾಜ್ಯದಲ್ಲಿ ಯಾವಾಗ ನಡೆಯುತ್ತದೆ? ಕೌಂಟರಿನಲ್ಲಿ ಇಲ್ಲ ಅಂದರೆ ಯಾರಿಗೆ ಹೇಳಬೇಕು? ಗೋವಾಕ್ಕೆ ಬಂದು ಐದು ವರ್ಷ ಆಗದವರು ಏನು ಮಾಡಬೇಕು? ಮೂರನೆಯದಕ್ಕೆ ಕಾರಣ ಇದೆ. 2016ರಲ್ಲಿ ಶುರುವಾದ ಗೋವಾ ಸರ್ಕಾರದ ಆರೋಗ್ಯ ವಿಮೆ, ದೀನದಯಾಳ್ ಸ್ವಾಸ್ಥ್ಯ ಸೇವಾ ಯೋಜನೆ, ಐದು ವರ್ಷ ಇಲ್ಲಿ ವಾಸವಿದ್ದವರಿಗೆ ಮಾತ್ರ. ನಮ್ಮ ಜನ ಎರಡು ವರ್ಷ ಇಲ್ಲಿ, ಒಂದು ವರ್ಷ ಊರಲ್ಲಿ, ಮತ್ತೆ ಇಲ್ಲಿ. ಬಾಡಿಗೆ ಖೋಲಿಗೆ ಕರಾರು ಪತ್ರವೂ ಇರುವುದಿಲ್ಲ. ಅವರು ಐದು ವರ್ಷವನ್ನು ಹೇಗೆ ತೋರಿಸಬೇಕು?

ಶುಕ್ರವಾರ, 14ನೇ ತಾರೀಕು. ಅವತ್ತೇ ಮಧ್ಯಾಹ್ನ 2.35ಕ್ಕೆ ಚಂದ್ರಯಾನ-3 ಹಾರಿತು. ಅಂಗಡಿ ಮುಂದೆ ಮಳೆಗೆ ನಿಂತವರೆಲ್ಲ ನನ್ನ ಫೋನಿನಲ್ಲೇ ನೋಡಿದರು, ಚಪ್ಪಾಳೆ ತಟ್ಟಿದರು. ನನಗೂ ಕಣ್ಣು ತುಂಬಿ ಬಂತು. ಅವತ್ತು ಸುದ್ದಿ ಚಾನೆಲ್‌ಗಳ ತುಂಬಾ ಶ್ರೀಹರಿಕೋಟಾ. ಡೆಹ್ರಾಡೂನ್ ಹುಡುಕಿಕೊಂಡು ಹೋಗಬೇಕಾಯಿತು. ಟಿವಿಯನ್ನು ನಂಬಿ ಕೂತಿದ್ದರೆ ಏನೂ ಸಿಗುತ್ತಿರಲಿಲ್ಲ.

ನನಗೆ ನಿಜವಾಗಿ ಕೆಲಸಕ್ಕೆ ಬಂದದ್ದು ಪಿಐಬಿ, ಅಂದರೆ ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆಯ ವೆಬ್‌ಸೈಟ್. ಅದರಲ್ಲಿ ಆರೋಗ್ಯ ಸಚಿವಾಲಯ ಆರಿಸಿಕೊಂಡು, ತಾರೀಕು ಹಾಕಿದರೆ ಆ ದಿನದ ಪ್ರಕಟಣೆಗಳಷ್ಟೇ ಕಾಣುತ್ತವೆ. ಕನ್ನಡದಲ್ಲೂ ಪ್ರಕಟಣೆಗಳು ಬರುತ್ತವೆ, ಆದರೆ ಎಲ್ಲವೂ ಅಲ್ಲ, ತಕ್ಷಣವೂ ಅಲ್ಲ. ಹಾಗಾಗಿ ಇಂಗ್ಲಿಷಿನದನ್ನು ನಿಧಾನವಾಗಿ ಓದಿದೆ. ಅಂಗಡಿ ಮುಚ್ಚಿದ ಮೇಲೆ, ಎರಡು ರಾತ್ರಿ. ಆಗಿನ್ನೂ ಟ್ವಿಟರ್ ಎಂದೇ ಹೆಸರಿತ್ತು, ಅದರಲ್ಲಿ ಸಚಿವಾಲಯದ ಖಾತೆ ನೋಡಿದೆ. ಅಲ್ಲಿ ಸಿಗುವುದು ಜಾಸ್ತಿ ಫೋಟೋ ಮತ್ತು ಭಾಷಣದ ತುಣುಕು. ಯಾವ ದಿನ ಯಾವ ವಿಷಯ ಬಂತು ಎಂದು ತಿಳಿಯಲು ಅದು ಸಾಕು. ಒಳಗೆ ಏನು ತೀರ್ಮಾನವಾಯಿತು ಎಂದು ತಿಳಿಯಲು ಸಾಲದು.

ಆಯುಷ್ಮಾನ್ ಭಾರತ್, ಡಿಜಿಟಲ್ ಮಿಷನ್, ಟಿಬಿ ನಿರ್ಮೂಲನೆ, ಹೀಗೆ ದೊಡ್ಡ ದೊಡ್ಡ ವಿಷಯಗಳು ಚರ್ಚೆಗೆ ಬಂದವು. ಅರ್ಹರಿಗೆಲ್ಲ ಕಾರ್ಡು ಮುಟ್ಟಿಸಬೇಕು ಎಂಬ ಮಾತು ಒಳ್ಳೆಯದೇ. ಆದರೆ ನಾನು ಓದಿದ ಕಡೆಯೆಲ್ಲ ಕಾರ್ಡು ಕೊಡುವ ಮಾತೇ ಜಾಸ್ತಿ. ಕೊಟ್ಟ ಕಾರ್ಡು ಕೌಂಟರಿನಲ್ಲಿ ನಡೆಯಿತಾ ಎಂಬ ಮಾತು ನನ್ನ ಕಣ್ಣಿಗೆ ಬೀಳಲಿಲ್ಲ. ನೋಟ್‌ಬುಕ್ಕಿನ ಮೂರು ಪ್ರಶ್ನೆಗಳ ಮುಂದೆ ಖಾಲಿ ಜಾಗ ಹಾಗೇ ಉಳಿಯಿತು.

ಆಮೇಲೆ ದಾರಿ ಬದಲಿಸಿದೆ. ಸಭೆಯಲ್ಲಿ ಯಾವ ಯೋಜನೆಯ ಹೆಸರು ಬಂತೋ ಆ ಯೋಜನೆಯ ಸ್ವಂತ ವೆಬ್‌ಸೈಟಿಗೆ ಹೋದೆ. ಅಲ್ಲಿ ಮೊದಲ ಉತ್ತರ ಸಿಕ್ಕಿತು. ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಕೊಡುವ ಆಯುಷ್ಮಾನ್ ಕಾರ್ಡಿನ ಯೋಜನೆ 2018ರ ಸೆಪ್ಟೆಂಬರ್ 23ರಂದು ಶುರುವಾದಾಗ, 2011ರ ಸಾಮಾಜಿಕ ಆರ್ಥಿಕ ಗಣತಿಯ ಪಟ್ಟಿಯಿಂದ ಕುಟುಂಬಗಳನ್ನು ಆರಿಸಿದ್ದರು. ಆ ಪಟ್ಟಿಯವರು ಯೋಜನೆಗೆ ಸೇರಿದ ಯಾವುದೇ ಆಸ್ಪತ್ರೆಯಲ್ಲಿ, ಯಾವುದೇ ರಾಜ್ಯದಲ್ಲಿ ಚಿಕಿತ್ಸೆ ಪಡೆಯಬಹುದು. ಆದರೆ ನಮ್ಮ ಕರ್ನಾಟಕ ತನ್ನ ಖರ್ಚಿನಲ್ಲಿ ಇನ್ನೂ ಎಷ್ಟೋ ಕುಟುಂಬಗಳನ್ನು ಸೇರಿಸಿಕೊಂಡಿದೆ. ಎಲ್ಲರ ಕೈಯಲ್ಲೂ ಕಾರ್ಡು ಇರುತ್ತದೆ, ಆದರೆ ಯಾವುದೇ ರಾಜ್ಯದಲ್ಲಿ ಎಂಬ ಮಾತು ಇರುವುದು ಗಣತಿ ಪಟ್ಟಿಯವರಿಗೆ. ಕೌಂಟರಿನವರು ಸುಮ್ನೆ ಕಾರ್ಡು ನೋಡಿ ಇಲ್ಲ ಎನ್ನುವಂತಿಲ್ಲ. ಹೆಸರು ಹಾಕಿ ನೋಡಲೇಬೇಕು. ಅದಕ್ಕೆಂದೇ ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಇರುತ್ತಾರೆ. ಅವರೂ ಇಲ್ಲ ಅಂದರೆ ಯೋಜನೆಯ ಸಹಾಯವಾಣಿ 14555ಕ್ಕೆ ಫೋನ್ ಮಾಡಬೇಕು. ಯಾವ ಆಸ್ಪತ್ರೆ ಯಾವ ಚಿಕಿತ್ಸೆಗೆ ಸೇರಿದೆ ಎಂಬ ಪಟ್ಟಿಯೂ ಅದೇ ವೆಬ್‌ಸೈಟಿನಲ್ಲಿದೆ. ರಾಜ್ಯ, ಜಿಲ್ಲೆ ಹಾಕಿದರೆ ಬರುತ್ತದೆ. ಎದೆನೋವು ಬಂದ ಮೇಲೆ ಹುಡುಕುವ ಪಟ್ಟಿ ಅಲ್ಲ ಅದು. ಮೊದಲೇ ನೋಡಿ ಬರೆದಿಟ್ಟುಕೊಳ್ಳಬೇಕು.

ಜುಲೈ 20ಕ್ಕೆ ಸಂಸತ್ತಿನ ಮಳೆಗಾಲದ ಅಧಿವೇಶನ ಶುರುವಾಯಿತು. ಸಭೆ ಮುಗಿದ ಮೇಲೆ ಸುದ್ದಿ ಮುಗಿಯುವುದಿಲ್ಲ ಎಂದು ನನಗೆ ಗೊತ್ತಾದದ್ದು ಆಗ. ಸಂಸದರು ಕೇಳುವ ಪ್ರಶ್ನೆಗಳಿಗೆ ಸಚಿವಾಲಯ ಲಿಖಿತ ಉತ್ತರ ಕೊಡಬೇಕು. ಅದರಲ್ಲಿ ಭಾಷಣ ಕಡಿಮೆ, ಲೆಕ್ಕ ಜಾಸ್ತಿ. ಆಗಸ್ಟ್ 8ರಂದು ಇದೇ ಯೋಜನೆಯ ಬಗ್ಗೆ ಸಿಎಜಿ, ಅಂದರೆ ಸರ್ಕಾರದ ಲೆಕ್ಕ ಪರಿಶೋಧಕರ ವರದಿ ಲೋಕಸಭೆಗೆ ಬಂತು. 9999999999 ಎಂಬ ಒಂದೇ ಮೊಬೈಲ್ ನಂಬರಿಗೆ ಸುಮಾರು 7.5 ಲಕ್ಷ ಫಲಾನುಭವಿಗಳ ಹೆಸರು ಜೋಡಣೆಯಾಗಿತ್ತು. ಓದಿದಾಗ ಎದೆ ಧಸಕ್ಕೆಂದಿತು. ಚಿಕಿತ್ಸೆ ಕೊಡುವಾಗ ಗುರುತು ಹಿಡಿಯಲು ಮೊಬೈಲ್ ನಂಬರ್ ಬಳಸುವುದಿಲ್ಲ ಎಂದು ಸರ್ಕಾರ ವಿವರಣೆ ಕೊಟ್ಟಿತು. ಅದು ಸರಿ ಇರಬಹುದು. ಆದರೂ ನಂಬರ್ ತಪ್ಪಿದ್ದರೆ ಆ ಮನೆಗೆ ಯೋಜನೆಯವರು ಒಂದು ಮಾತು ಮುಟ್ಟಿಸುವುದು ಹೇಗೆ?

ಮರುದಿನ ಅಕ್ಕ ಬಂದಾಗ ಕಾರ್ಡು ಮಾಡಿಸುವಾಗ ಯಾರ ನಂಬರ್ ಕೊಟ್ಟಿದ್ದಿರಿ ಎಂದು ಕೇಳಿದೆ.

"ಯಾರಿಗ್ ಗೊತ್ರೀ ಯಣ್ಣಾ? ಅಲ್ಲಿ ಕುಂತ ಹುಡುಗ ಏನೋ ಹಾಕ್ಯಾನ."

ಅವರು ಪಂಚಮಿಗೆ ತವರಿಗೆ ಹೊರಟಿದ್ದರು. ಒಂದು ಚೀಟಿಯಲ್ಲಿ ಬರೆದುಕೊಟ್ಟೆ: ಗ್ರಾಮ ಒನ್ ಕೇಂದ್ರಕ್ಕೆ ಹೋಗಿ ನಂಬರ್ ಕೇಳಿ. ನಿಮ್ಮ ಹೆಸರು ಯಾವ ಪಟ್ಟಿಯಿಂದ ಬಂದಿದೆ ಎಂದು ಕೇಳಿ. ಆಧಾರ್‌ನಲ್ಲಿ ಇರುವ ಹಾಗೇ ಹೆಸರು ಇದೆಯಾ ನೋಡಿ. ಅದೇ ಮೂರು ಸಾಲನ್ನು ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು, ಕೆಳಗೆ 14555 ಹಾಕಿ, ಅಂಗಡಿ ಗಾಜಿಗೂ ಅಂಟಿಸಿದೆ. ಎರಡು ರಾತ್ರಿ ಡೆಹ್ರಾಡೂನಿನ ಸುದ್ದಿ ಓದಿದ್ದು, ಆಮೇಲೆ ಒಂದು ತಿಂಗಳು ಬೆನ್ನು ಹತ್ತಿದ್ದು, ಕೊನೆಗೆ ಅರ್ಧ ಹಾಳೆಯಾಯಿತು. ಅದನ್ನು ಓದಿ ಈಗ ದಿನಕ್ಕೆ ಒಬ್ಬಿಬ್ಬರಾದರೂ ಕಾರ್ಡು ತೆಗೆದು ತೋರಿಸುತ್ತಾರೆ.

ಐದು ವರ್ಷದ ಪ್ರಶ್ನೆಗೆ ನನಗೆ ಇನ್ನೂ ಉತ್ತರ ಸಿಕ್ಕಿಲ್ಲ. ನೋಟ್‌ಬುಕ್ಕಿನಲ್ಲಿ ಆ ಜಾಗ ಖಾಲಿಯೇ ಇದೆ. ಪ್ರತಿ ಅಧಿವೇಶನದಲ್ಲೂ ವಲಸೆ ಕಾರ್ಮಿಕರ ಆರೋಗ್ಯದ ಬಗ್ಗೆ ಯಾರಾದರೂ ಕೇಳಿದ್ದಾರಾ ಎಂದು ನೋಡುತ್ತಿದ್ದೇನೆ.

ಅಕ್ಕ ಆಗಸ್ಟ್ ಕೊನೆಗೆ ಬಂದರು. ಒಂದು ಡಬ್ಬಿ ಶೇಂಗಾ ಉಂಡಿ, ಅದರ ಮೇಲೆ ಕಾರ್ಡು. ನಂಬರ್ ಬೇರೆ ಯಾರದೋ ಇತ್ತಂತೆ, ಈಗ ಮಗನ ನಂಬರ್ ಹಾಕಿಸಿದ್ದಾರೆ. ಹೆಸರು ಗಣತಿ ಪಟ್ಟಿಯಲ್ಲೇ ಇತ್ತು. ನಾವಿಬ್ಬರೂ ಕೂತು, ವಾಸ್ಕೋದಿಂದ ಹತ್ತಿರ ಯಾವ ಯಾವ ಆಸ್ಪತ್ರೆ ಪಟ್ಟಿಯಲ್ಲಿದೆ ಎಂದು ನೋಡಿ, ಕವರಿನ ಒಳಗೆ ಬರೆದಿಟ್ಟೆವು.