ಐದು ಸಾಲು, ಎರಡು ಗುಂಪು: ಲೇಟೆಕ್‌ನಲ್ಲಿ ನನ್ನ ಅನುಭವ

ಮಂಡ್ಯದಲ್ಲಿ ದ್ವಿತೀಯ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ನೋಟ್ಸ್ ಎಲ್ಲಾ ಲೇಟೆಕ್‌ನಲ್ಲೇ, ಅಂದರೆ ಆದೇಶಗಳನ್ನು ಬರೆದು ಪುಟ ಸಿದ್ಧಪಡಿಸುವ ತಂತ್ರಾಂಶದಲ್ಲಿ. ಲೀನಿಯರ್ ಪ್ರೋಗ್ರಾಮಿಂಗ್‌ಗೆ (ಮಿತಿಗಳೊಳಗೆ ಅತಿ ಹೆಚ್ಚು ಲಾಭ ಅಥವಾ ಅತಿ ಕಡಿಮೆ ಖರ್ಚು ಹುಡುಕುವ ಲೆಕ್ಕ) ನಮ್ಮ ಕಡೆಯ ಲೆಕ್ಕವನ್ನೇ ಕೊಡುತ್ತೇನೆ: ಎಕ್ಸ್ ಎಕರೆ ಕಬ್ಬು, ವೈ ಎಕರೆ ಭತ್ತ. ಜಮೀನು, ನಾಲೆ ನೀರು, ಕೂಲಿ ಅಂತ ಮೂರು ಮಿತಿ. ಜೊತೆಗೆ ಎಕ್ಸ್, ವೈ ಎರಡೂ ಸೊನ್ನೆಗಿಂತ ಕಡಿಮೆಯಾಗಬಾರದು. ಈ ಕೊನೆಯ ಎರಡು ಸಾಲನ್ನೇ ಮಕ್ಕಳು ಬಿಟ್ಟುಬಿಡುವುದು! ಅದಕ್ಕೇ ಮೂರಕ್ಕೊಂದು, ಎರಡಕ್ಕೊಂದು ಬಲಕ್ಕೆ ಪುಷ್ಪಾವರಣ ( } ) ಹಾಕಿ, ಪಕ್ಕದಲ್ಲಿ ಹೆಸರು ಬರೆಯುತ್ತೇನೆ.

ಇದಕ್ಕೆ ಲೇಟೆಕ್‌ಗೆ ಗಣಿತದ ಆದೇಶಗಳನ್ನು ಸೇರಿಸುವ ಎಎಮ್‌ಎಸ್‌ಮ್ಯಾಥ್ ಪ್ಯಾಕೇಜ್ ಸಾಕು. ಸಾಲುಗಳನ್ನು ಒಂದರ ಕೆಳಗೊಂದು ಹೊಂದಿಸುವ ಎರಡು ಆದೇಶ ಬೇಕು: ಹೊರಗೆ ಅಲೈನ್, ಒಳಗೆ ಪ್ರತಿ ಗುಂಪಿಗೂ ಒಂದು ಅಲೈನ್ಡ್. ಲೆಫ್ಟ್, ರೈಟ್ ಆದೇಶಗಳು ಹಾಕುವ, ಒಳಗಿನದರ ಎತ್ತರಕ್ಕೆ ಬೆಳೆಯುವ ಆವರಣಗಳು ಅಲೈನ್‌ನ ಸಾಲು ದಾಟುವುದಿಲ್ಲ. ಅಲೈನ್ಡ್ ಮಾತ್ರ ಇಡೀ ಗುಂಪನ್ನು ಒಂದೇ ಪೆಟ್ಟಿಗೆ ಮಾಡಿಕೊಡುತ್ತದೆ. ಎಡಕ್ಕೆ ಆವರಣ ಬೇಡ, ಆದರೂ ಲೆಫ್ಟ್ ಬರೆಯಲೇಬೇಕು. ಪಕ್ಕದಲ್ಲಿ ಸುಮ್ನೆ ಒಂದು ಚುಕ್ಕಿ ಇಟ್ಟರೆ ಆಯಿತು.

ತಲೆನೋವು ಇರುವುದು ಸಾಲು ಕೂಡಿಸುವುದರಲ್ಲಿ. ಪ್ರತಿ ಅಲೈನ್ಡ್ ತನ್ನ ಅಗಲವನ್ನು ತಾನೇ ಅಳೆದುಕೊಳ್ಳುತ್ತದೆ. ಮೇಲಿನ ಗುಂಪು ಅಗಲ, ಕೆಳಗಿನದು ಕಿರಿದು. ಹಾಗಾಗಿ ≤, ≥ ಚಿಹ್ನೆಗಳೂ ಆವರಣಗಳೂ ಒಂದರ ಕೆಳಗೊಂದು ಬರುವುದಿಲ್ಲ. ಇದಕ್ಕೆ ನನ್ನ ಮದ್ದು ಎಚ್‌ಫ್ಯಾಂಟಮ್: ಕೊಟ್ಟ ಅಕ್ಷರಗಳಷ್ಟು ಜಾಗ ಹಿಡಿಯುತ್ತದೆ, ಅಚ್ಚಾಗುವುದಿಲ್ಲ. ಚಿಹ್ನೆಯ ಎಡಭಾಗ ಬಲಕ್ಕೆ ಒತ್ತಿಕೊಳ್ಳುತ್ತದೆ, ಆದ್ದರಿಂದ ಕೆಳಗಿನ ಗುಂಪಿನಲ್ಲಿ ಅಲ್ಲಿ ಫ್ಯಾಂಟಮ್ ಮೊದಲು ಬರಬೇಕು. ಬಲಭಾಗದಲ್ಲಿ ಸೊನ್ನೆಯ ನಂತರ. ಎರಡು ಪೆಟ್ಟಿಗೆಗೂ ಮೊದಲು ಆಂಪರ್‌ಸ್ಯಾಂಡ್ (&, ಸಾಲುಗಳು ಕೂಡುವ ಜಾಗದ ಗುರುತು) ಇರಲಿ, ಎಡ ಅಂಚು ಕೂಡುತ್ತದೆ. ಅಲೈನ್ ಬದಲು ಗ್ಯಾದರ್ ಎಂಬ ಆದೇಶ ಬಳಸಿದರೆ ಪ್ರತಿ ಗುಂಪೂ ಬೇರೆಯಾಗಿ ನಡುವಿಗೆ ಹೋಗಿ ಕೂರುತ್ತದೆ. ಪಕ್ಕದ ಹೆಸರುಗಳ ಉದ್ದ ಬೇರೆ ಬೇರೆ ಅಲ್ವಾ, ಮಾಡಿದ್ದೆಲ್ಲಾ ವ್ಯರ್ಥ.

ನಂಬರ್ ಸುಲಭ. ಅಲೈನ್ ಗುಂಪಿಗೊಂದು ನಂಬರ್ ಕೊಡುತ್ತದೆ, ಅದು ಗುಂಪಿನ ನಡುಮಟ್ಟಕ್ಕೆ ಬರುತ್ತದೆ. ಎಲ್ಲವನ್ನೂ ಸಬ್‌ಇಕ್ವೇಶನ್ಸ್ ಎಂಬ ಆದೇಶದ ಒಳಗಿಟ್ಟರೆ ನಂಬರ್ 1ಎ, 1ಬಿ ಆಗುತ್ತದೆ. ಸಬ್‌ಇಕ್ವೇಶನ್ಸ್ ಶುರುವಾದ ತಕ್ಷಣ ಒಂದು ಲೇಬಲ್ (ಬೇರೆಡೆ ಆ ನಂಬರ್ ಕರೆಯಲು ಇಡುವ ಗುಟ್ಟಿನ ಹೆಸರು) ಹಾಕಿದರೆ ಇಡೀ ಕಟ್ಟನ್ನು 1 ಎಂದೇ ಕರೆಯಬಹುದು. ಗುಂಪಿನ ಲೇಬಲ್ ಆ ಸಾಲು ಮುಗಿಯುವ ಮುಂಚೆ ಬರಬೇಕು.

ಕನ್ನಡದ ಹೆಸರನ್ನು ಟೆಕ್ಸ್ಟ್ ಎಂಬ ಆದೇಶದ ಒಳಗೇ ಬರೆಯಬೇಕು. ಗಣಿತದ ಫಾಂಟಿನಲ್ಲಿ ನಮ್ಮ ಅಕ್ಷರಗಳಿಲ್ಲ, ಬರಿದೇ ಬರೆದರೆ ಮಾಯ. ನಾನು ಝೀಟೆಕ್ ಎಂಜಿನ್ (ಬರೆದದ್ದನ್ನು ಪುಟವಾಗಿಸುವ ತಂತ್ರಾಂಶ) ಮತ್ತು ನೋಟೋ ಸೆರಿಫ್ ಕನ್ನಡ ಫಾಂಟ್ ಬಳಸುತ್ತೇನೆ. ಹೆಸರು ಉದ್ದವಾದರೆ ಪಾರ್‌ಬಾಕ್ಸ್‌ಗೆ (ಅಗಲ ಗೊತ್ತುಮಾಡಿದ ಬರಹದ ಪೆಟ್ಟಿಗೆ) 3 ಸೆಂ.ಮೀ. ಅಗಲ ಕೊಟ್ಟು ಎರಡು ಸಾಲಿಗೆ ಇಳಿಸುತ್ತೇನೆ. ಇಲ್ಲದಿದ್ದರೆ ಎ5 ಪುಟದಲ್ಲಿ ಜಾಗ ಸಾಲದೆ ನಂಬರ್ ಕೆಳಗಿನ ಸಾಲಿಗೆ ಜಾರುತ್ತದೆ.