ಹಬ್ಬಿನೊಳಗೆ ಗೇರ್ ಇರುವ ಸೈಕಲ್ಲಿಗೆ ಮೋಟಾರ್ ಹಾಕಿಸುವವರು ಗಮನಿಸಿ

ಬದಿಯಡ್ಕ, ಮುಳ್ಳೇರಿಯ ಕಡೆಯ ಏರು ಇಳಿತಕ್ಕೆ, ನಮ್ಮ ಮಳೆಗಾಲದ ಕೆಂಪು ಕೆಸರಿಗೆ ಹಬ್ಬಿನೊಳಗೇ, ಅಂದರೆ ಹಿಂದಿನ ಚಕ್ರದ ನಡುವಿನ ದಪ್ಪ ಭಾಗದೊಳಗೇ ಗೇರ್ ಇರುವ ಸೈಕಲ್ ತುಂಬಾ ಒಳ್ಳೆಯದು. ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ಸರಿಸುವ, ಹೊರಗೆ ನೇತಾಡುವ ಡಿರೈಲರ್ ಇಲ್ಲ. ನಿಂತಲ್ಲೇ ಗೇರ್ ಬದಲಿಸಬಹುದು. ಆದರೆ ಮೋಟಾರ್ ಎಲ್ಲಿ ಕೂರಿಸುತ್ತೀರಿ ಅನ್ನುವುದು ಮುಖ್ಯ.

ಪೆಡಲ್ ಹತ್ತಿರ ಕೂರುವ ಮಿಡ್ ಡ್ರೈವ್ ಆದರೆ ಮೋಟಾರಿನ ಪೂರ್ತಿ ಬಲ ಚೈನ್ ಮೂಲಕ ಹಬ್ಬಿನೊಳಗಿನ ಸಣ್ಣ ಹಲ್ಲಿನ ಚಕ್ರಗಳ ಮೇಲೆ ಬೀಳುತ್ತದೆ, ಅದಕ್ಕೆ ನಿಮ್ಮ ಕಾಲಿನ ಬಲವೂ ಸೇರುತ್ತದೆ. ಹಾಗಾಗಿ ಗೇರ್ ಬದಲಿಸುವಾಗ ಎಕ್ಸಲೇಟರ್ ಪೂರ್ತಿ ಬಿಡಿ, ಕಾಲೂ ಸಡಿಲ ಮಾಡಿ, ಗೇರ್ ಸರಿಯಾಗಿ ಕೂತ ಮೇಲೆ ಮೆಲ್ಲ ಕೊಡಿ. ಏರು ಶುರುವಾಗುವ ಮೊದಲೇ ಗೇರ್ ಇಳಿಸಿಬಿಡಿ. ಬ್ರೇಕ್ ಲಿವರಿನಲ್ಲಿ ಮೋಟಾರ್ ಕಟ್ ಮಾಡುವ ಸ್ವಿಚ್ ಇದ್ದರೆ ಅದನ್ನು ಸ್ವಲ್ಪ ಒತ್ತಿದರೂ ಸಾಕು.

ಹಳೇ 3 ಗೇರಿನ ಹಬ್ ಇದ್ದರೆ ಸುಮ್ನೆ ಮುಂದಿನ ಚಕ್ರಕ್ಕೆ ಮೋಟಾರ್ ಹಾಕಿಸಿ. ಆಗ ಹಬ್ಬಿಗೆ ಕಾಲಿನ ಬಲ ಮಾತ್ರ. ಮುಂದಿನ ಚಕ್ರ ಹಿಡಿಯುವ ಫೋರ್ಕ್ ಗಟ್ಟಿ ಸ್ಟೀಲಿನದ್ದೇ ಇರಲಿ, ಆಕ್ಸಲ್ (ಚಕ್ರದ ನಡುವಿನ ಅಚ್ಚು) ತಿರುಗದಂತೆ ಫೋರ್ಕಿಗೆ ಬಿಗಿಯುವ ಟಾರ್ಕ್ ಆರ್ಮ್ ಬಿಡಲೇಬೇಡಿ, ಆಕ್ಸಲ್ ತಿರುಗಿ ಚಕ್ರ ಕಳಚಿದರೆ ಪ್ರಾಣಕ್ಕೇ ಅಪಾಯ ಅಲ್ವಾ.

ಪಂಕ್ಚರ್ ಹಾಕಿಸಿದ ಮೇಲೆ, ಹಿಂದಿನ ಆಕ್ಸಲ್ ತಿರುಗದಂತೆ ಹಿಡಿಯುವ ವಾಷರ್ ಎರಡೂ ಬದಿ ವಾಪಸ್ ಬಂದಿದೆಯಾ ನೋಡಿ. ಗೇರ್ ಕೇಬಲ್ ಸರಿಯಾಗಿ ಕೂತಿದೆಯಾ ಅಂತಲೂ ನೋಡಿ. ಶಿಮಾನೊ ನೆಕ್ಸಸ್ 8 (ಶಿಮಾನೊ ಕಂಪನಿಯ 8 ಗೇರಿನ ಹಬ್) ಆದರೆ 4ನೇ ಗೇರಿಗೆ ಹಾಕಿ, ಹಬ್ಬಿನ ಪಕ್ಕ ಬಣ್ಣದ ಎರಡು ಗೆರೆ ಇರುತ್ತದೆ, ಅವು ನೇರಕ್ಕೆ ಬರಬೇಕು. ತಪ್ಪಿದ್ದರೆ ಗೇರ್ ಅರ್ಧ ಮಾತ್ರ ಕೂತಿರುತ್ತದೆ, ಅದರ ಮೇಲೆ ಮೋಟಾರಿನ ಬಲ ಬಿದ್ದರೆ ಹಲ್ಲು ಬೇಗ ಸವೆಯುತ್ತದೆ. ತೊಳೆಯುವಾಗ ಜೋರು ನೀರಿನ ಪೈಪನ್ನು ಹಬ್ಬಿಗೆ ಹಿಡಿಯಬೇಡಿ.