ಎನೇಬಲ್‌ಳ ಓಟಗಳನ್ನು ನಾನು ಅಳೆದ ಬಗೆ

ಕುದುರೆಯ ಓಟದ ಬದುಕನ್ನು ಬರೆಯಲು ಕುಳಿತಾಗ ಗೆಲುವುಗಳ ಲೆಕ್ಕವನ್ನು ನಾನು ಬದಿಗಿಡುತ್ತೇನೆ. ಬ್ರಿಟನ್ನಿನ ಪಂದ್ಯದ ಹೆಣ್ಣು ಕುದುರೆ ಎನೇಬಲ್ 19 ಓಟಗಳಲ್ಲಿ 15 ಗೆದ್ದಳು, ಅವುಗಳಲ್ಲಿ 11 ಅತ್ಯುನ್ನತ ದರ್ಜೆಯವು ಎಂಬುದು ಎಲ್ಲರಿಗೂ ಸುಲಭವಾಗಿ ಸಿಗುವ ಮಾಹಿತಿ. ಒಂದೊಂದು ಗೆಲುವಿಗೂ ಅವಳು ತೆತ್ತದ್ದೆಷ್ಟು ಎಂದು ತಿಳಿಯಲು ಓಟಗಳನ್ನೇ ನೋಡಬೇಕು.

ಪ್ರತಿ ಓಟದ ವಿಡಿಯೋವನ್ನು ಮೊದಲು ಅವಳನ್ನಷ್ಟೇ ಹಿಂಬಾಲಿಸುತ್ತಾ ನೋಡಿದೆ. ಬಳಿಕ ಎರಡನೆಯ ಸ್ಥಾನ ಪಡೆದ ಕುದುರೆಯನ್ನು ಮಾತ್ರ ನೋಡಿದೆ. ಈ ಎರಡನೆಯ ನೋಟವೇ ಹೆಚ್ಚು ಕಲಿಸುತ್ತದೆ. ಹೊತ್ತ ತೂಕ, ನೆಲದ ಹದ, ಕೊನೆಯ 400 ಮೀಟರ್ ಉಳಿದಾಗ ಇದ್ದ ಸ್ಥಾನ, ಇಷ್ಟನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ.

2017ರಲ್ಲಿ ಗುಡುಗು ಮಳೆಯ ನಡುವೆ ನಡೆದ ಇಂಗ್ಲೆಂಡಿನ ಎಪ್ಸಮ್ ಓಕ್ಸ್ ಓಟದಲ್ಲಿ ಈ ಮೂರು ವರ್ಷದ ಫಿಲ್ಲಿ (ಎಳೆಯ ಹೆಣ್ಣು ಕುದುರೆ) ಐದು ಲೆಂಗ್ತ್‌ಗಳಿಂದ, ಅಂದರೆ ಐದು ಕುದುರೆಗಳ ಉದ್ದದಷ್ಟು ಅಂತರದಿಂದ ಗೆದ್ದಳು. ಆ ವರ್ಷ ಅವಳದು ಒಂದೇ ಸೋಲು, ಅದೂ ಏಪ್ರಿಲ್‌ನಲ್ಲಿ. ಫ್ರಾನ್ಸಿನ ಶಾಂತಿಯಿಯಲ್ಲಿ ನಡೆದ, ಆ ದೇಶದ ಹೆಸರಾಂತ ಆರ್ಕ್ ಓಟವನ್ನೂ ಅವಳೇ ಗೆದ್ದಳು. ಜಾಕಿ ಫ್ರಾಂಕಿ ಡೆಟ್ಟೋರಿ ಅವಳನ್ನು ಮುಂಚೂಣಿಯ ಬಳಿಯೇ ಇಟ್ಟುಕೊಂಡು, ಕೊನೆಯ ನೇರ ಹಾದಿಯಲ್ಲಿ ಬಿಡುತ್ತಿದ್ದರು. ನೋಡಲು ಬಲು ಚೆಂದ, ಆದರೆ ಅಂಥ ಓಟದಲ್ಲಿ ಅವಳ ಮಿತಿ ಎಲ್ಲಿದೆ ಎಂದು ತಿಳಿಯುವುದಿಲ್ಲ.

ಅದು ತಿಳಿದದ್ದು 2018ರ ಆರ್ಕ್‌ನಲ್ಲಿ. ಮೇ ತಿಂಗಳಲ್ಲಿ ಮಂಡಿಗೆ ಪೆಟ್ಟಾಗಿ, ತರಬೇತುದಾರ ಜಾನ್ ಗಾಸ್ಡೆನ್ ಅವಳನ್ನು ಸೆಪ್ಟೆಂಬರ್‌ವರೆಗೆ ಕಣಕ್ಕಿಳಿಸಲಿಲ್ಲ. ಇಂಗ್ಲೆಂಡಿನ ಕೆಂಪ್ಟನ್‌ನಲ್ಲಿ ಒಂದೇ ಒಂದು ಓಟ ಓಡಿಸಿ ನೇರವಾಗಿ ಪ್ಯಾರಿಸ್‌ಗೆ ಕರೆತಂದರು. ಅವಳ ಬೆನ್ನ ಮೇಲೆ 58 ಕಿಲೋ, ಮೂರರ ಹರೆಯದ ಸೀ ಆಫ್ ಕ್ಲಾಸ್ ಎಂಬ ಎದುರಾಳಿಯ ಮೇಲೆ 55. ಹಿಂದಿನಿಂದ ನುಗ್ಗಿ ಬಂದ ಆ ಫಿಲ್ಲಿಯನ್ನಷ್ಟೇ ನೋಡುತ್ತಾ ಹೋದರೆ, ಗೆರೆ ಇನ್ನು ಸ್ವಲ್ಪ ಮುಂದಿದ್ದರೂ ಫಲಿತಾಂಶ ತಿರುಗುತ್ತಿತ್ತು ಎನ್ನಿಸುತ್ತದೆ. ಗೆಲುವಿನ ಅಂತರ ಕುದುರೆಯ ಕತ್ತಿನ ಉದ್ದದಷ್ಟೂ ಇರಲಿಲ್ಲ. ಪೂರ್ಣ ಸಿದ್ಧತೆಯಿಲ್ಲದ ದೇಹದಿಂದ ಗೆದ್ದ ಈ ಓಟವನ್ನು ನಾನು ಎಪ್ಸಮ್‌ನ ಐದು ಲೆಂಗ್ತ್‌ಗಳಿಗಿಂತ ಮೇಲಿಡುತ್ತೇನೆ. ವಾರಗಳು ಕಳೆಯುವಷ್ಟರಲ್ಲಿ ಅಮೆರಿಕದ ಚರ್ಚಿಲ್ ಡೌನ್ಸ್‌ನಲ್ಲಿ ಮ್ಯಾಜಿಕಲ್ ಎಂಬ ಕುದುರೆಯನ್ನು ಹಿಂದಿಕ್ಕಿ ಬ್ರೀಡರ್ಸ್ ಕಪ್ ಟರ್ಫ್ ಓಟವನ್ನೂ ಗೆದ್ದಳು. ಒಂದೇ ವರ್ಷ ಈ ಎರಡನ್ನೂ ಗೆದ್ದ ಮೊದಲ ಕುದುರೆ ಅವಳು.

2019ರ ಆರ್ಕ್ ಸೋಲನ್ನೂ ಇದೇ ರೀತಿ ನೋಡಿದೆ. ಒದ್ದೆ ನೆಲದಲ್ಲಿ ಅವಳು ಮುನ್ನಡೆ ಪಡೆದಾಗ ಗೆಲುವು ಖಚಿತವೆನಿಸುತ್ತದೆ. ಅಂದು ಗೆದ್ದ ವಾಲ್ಡ್‌ಗೈಸ್ಟ್ ಎಂಬ ಕುದುರೆಯ ಕಡೆಯಿಂದ ನೋಡಿದಾಗ, ಅವನು ಬಲವನ್ನು ಕಾದಿಟ್ಟುಕೊಂಡು ಓಡಿದ್ದು ಸ್ಪಷ್ಟವಾಗುತ್ತದೆ. ಅವನು ಹೊತ್ತದ್ದು 59.5 ಕಿಲೋ, ಅವಳಿಗಿಂತ ಹೆಚ್ಚು. ಹಾಗಾಗಿ ಆ ದಿನದ ಶ್ರೇಯ ಪೂರ್ತಿ ಅವನದೇ ಎಂದು ಬರೆದುಕೊಂಡೆ.

2020ರಲ್ಲಿ ಅವಳು ಇಂಗ್ಲೆಂಡಿನ ಆಸ್ಕಟ್‌ನಲ್ಲಿ ನಡೆಯುವ ಕಿಂಗ್ ಜಾರ್ಜ್ ಓಟವನ್ನು ಮೂರನೆಯ ಬಾರಿ ಗೆದ್ದಳು. ಅದು ಹಿಂದೆ ಯಾವ ಕುದುರೆಯೂ ಮಾಡದ ಸಾಧನೆ. ಆದರೆ ಅಂದು ಓಡಿದ್ದು ಮೂರೇ ಕುದುರೆಗಳು. ಅದಕ್ಕೇ 2019ರಲ್ಲಿ ಅದೇ ಆಸ್ಕಟ್‌ನಲ್ಲಿ ಕ್ರಿಸ್ಟಲ್ ಓಷನ್ ಜೊತೆ ಕೊನೆಯವರೆಗೂ ಸೆಣಸಿ, ಕತ್ತಿನ ಅಂತರದಿಂದ ಗೆದ್ದದ್ದಕ್ಕೆ ನನ್ನ ಪುಸ್ತಕದಲ್ಲಿ ಹೆಚ್ಚು ಪುಟಗಳಿವೆ.